ಬಣ್ಣ ಕಂಡವರಿಗೆ ಕಣ್ಣು ಕಾಣಲಿಲ್ಲ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ, ವಿಕಲಚೇತನರ ಹಕ್ಕುಗಳನ್ನು ಕಾಯುವ ರಾಜ್ಯ ಆಯುಕ್ತರಿಗೆ, ಮತ್ತು ಈ ಜೂನ್‌ನಲ್ಲಿ ಹೊಸ ಹಾಜರಿ ಪುಸ್ತಕ ತೆರೆಯಲಿರುವ ಎಲ್ಲ ಶಿಕ್ಷಕ ಬಂಧುಗಳಿಗೆ,

ಮಾನ್ಯರೇ,

ಕಳೆದ ತಿಂಗಳು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ ತಾಯಿಯೊಬ್ಬರು ತಮ್ಮ ಆರು ವರ್ಷದ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಮಗುವಿನ ತಲೆಗೂದಲು ಮೆಕ್ಕೆಜೋಳದ ತೆನೆಯ ಎಳೆಗಳ ಬಣ್ಣದ್ದು. ಬಾಗಿಲ ಬಿಸಿಲಿಗೆ ಅವಳು ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು ನಿಂತಿದ್ದಳು. ಒಂದನೇ ತರಗತಿಗೆ ಸೇರಿಸಲು ಹೋದಾಗ ಶಾಲೆಯವರು, ಇದು ಅಂಟುವ ಕಾಯಿಲೆಯಲ್ಲವೆಂದು ವೈದ್ಯರಿಂದ ಬರೆಸಿಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದ್ದರಂತೆ. ಆ ತಾಯಿ ಒಂದು ದಿನದ ಕೂಲಿ ಬಿಟ್ಟು, ತಾಲ್ಲೂಕು ಕೇಂದ್ರಕ್ಕೆ ಹೋಗಿ, ಬರೆಸಿಕೊಂಡು ಬಂದಿದ್ದರು. ಆ ಚೀಟಿಯನ್ನು ನಾನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದೆ. ಚರ್ಮದ ಬಗ್ಗೆ ಮೂರು ಸಾಲುಗಳಿದ್ದವು. ಕಣ್ಣಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಈ ಮಗುವಿಗೆ ಎಷ್ಟು ದೂರ ಕಾಣುತ್ತದೆ, ಕರಿಹಲಗೆಯ ಮೇಲಿನ ಅಕ್ಷರ ಗುರುತು ಸಿಗುತ್ತದೆಯೇ ಎಂದು ಅಂದಿನವರೆಗೆ ಯಾರೂ ಕೇಳಿರಲಿಲ್ಲ. ಈ ಪತ್ರವನ್ನು ಬರೆಯಲು ಕೂತದ್ದು ಆ ಚೀಟಿಯ ಕಾರಣದಿಂದ.

ಆ ಮಗುವಿಗಿರುವ ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಬಣ್ಣದ ಅಂಶ ಕಡಿಮೆಯಿರುವ ಸ್ಥಿತಿ, ನನಗೂ ಇದೆ. ವಯಸ್ಸು ಮೂವತ್ತೆಂಟು, ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಮನೆಯ ನಾಲ್ವರು ಮಕ್ಕಳಲ್ಲಿ ನಾನು ಮತ್ತು ನನ್ನ ತಮ್ಮ ಹೀಗೆ ಹುಟ್ಟಿದವರು. ನಾನು ಓದಿದೆ, ಅವನು ಎಂಟನೇ ತರಗತಿಗೇ ಶಾಲೆ ಬಿಟ್ಟ. ನಮ್ಮಿಬ್ಬರ ಬದುಕು ಎಲ್ಲಿ ಕವಲೊಡೆಯಿತೆಂಬುದನ್ನು ತಮ್ಮ ಗಮನಕ್ಕೆ ತರುವುದಷ್ಟೇ ನನ್ನ ಉದ್ದೇಶ. ಅದು ಕವಲೊಡೆದದ್ದು ಚರ್ಮದ ದೆಸೆಯಿಂದಲ್ಲ, ತರಗತಿಯ ಮೊದಲ ಬೆಂಚಿನಿಂದ.

ಮೊದಲಿಗೆ ಈ ಸ್ಥಿತಿ ಏನೆಂಬುದನ್ನು ಹೇಳಬೇಕು, ಏಕೆಂದರೆ ಅಪನಂಬಿಕೆಗಳೆಲ್ಲ ಹುಟ್ಟುವುದು ಇದನ್ನು ಯಾರೂ ನೆಟ್ಟಗೆ ಹೇಳದಿರುವುದರಿಂದ. ನಮ್ಮ ಚರ್ಮ, ಕೂದಲು ಮತ್ತು ಕಣ್ಣಿಗೆ ಬಣ್ಣ ಕೊಡುವ ವಸ್ತು ಮೆಲನಿನ್. ಅದನ್ನು ದೇಹ ತಯಾರಿಸಿಕೊಳ್ಳಲು ಕೆಲವು ಜೀನುಗಳು ಸರಿಯಾಗಿ ಕೆಲಸ ಮಾಡಬೇಕು. ಹೆಚ್ಚಾಗಿ ಕಾಣುವ ಬಗೆಯಲ್ಲಿ, ಅವುಗಳಲ್ಲಿ ಒಂದರ ಎರಡೂ ಪ್ರತಿಗಳು, ಅಂದರೆ ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ, ದೋಷಯುಕ್ತವಾಗಿದ್ದರೆ ಮಗುವಿನಲ್ಲಿ ಮೆಲನಿನ್ ತಯಾರಾಗುವುದಿಲ್ಲ, ಅಥವಾ ಬಹಳ ಕಡಿಮೆ ತಯಾರಾಗುತ್ತದೆ. ತಂದೆ ತಾಯಿ ಇಬ್ಬರೂ ಸಾಮಾನ್ಯವಾಗಿ ನೋಡಲು ಎಲ್ಲರಂತೆಯೇ ಇರುತ್ತಾರೆ. ತಮ್ಮೊಳಗೆ ಅಂಥದ್ದೊಂದು ಪ್ರತಿ ಇದೆಯೆಂಬುದು ಅವರಿಗೆ ತಿಳಿದಿರುವುದಿಲ್ಲ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲಿಯೂ ಈ ಸ್ಥಿತಿಯ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1908ರಲ್ಲಿಯೇ ಆಲ್ಬಿನಿಸಂ ಅನ್ನು ಹುಟ್ಟಿನಿಂದ ಬರುವ ರಾಸಾಯನಿಕ ವ್ಯತ್ಯಯಗಳ ಸಾಲಿಗೆ ಸೇರಿಸಿದ್ದರು. ನೂರು ವರ್ಷಕ್ಕೂ ಹಿಂದೆ ಪುಸ್ತಕ ಸೇರಿದ ತಿಳಿವಳಿಕೆ ನಮ್ಮೂರಿನ ಕಟ್ಟೆಯವರೆಗೆ ಇನ್ನೂ ಬಂದಿಲ್ಲ.

ನಮ್ಮೂರಿನ ಕಟ್ಟೆಯ ಮೇಲೆ ಬೇರೆ ಬೇರೆ ಕಾರಣಗಳಿದ್ದವು. ಬಸುರಿಯಿದ್ದಾಗ ಅವ್ವ ಗ್ರಹಣ ನೋಡಿದ್ದಾಳೆ ಎಂದರು. ಮೀನು ತಿಂದು ಹಾಲು ಕುಡಿದಿದ್ದಾಳೆ ಎಂದರು. ಅವ್ವ ಹುಟ್ಟಿನಿಂದ ಮೀನು ಮುಟ್ಟಿದವಳಲ್ಲ. ನಾಗದೋಷವೆಂದರು, ಅಪ್ಪ ಸಾಲ ಮಾಡಿ ದೂರದ ಕ್ಷೇತ್ರಕ್ಕೆ ಹೋಗಿ ಸರ್ಪಶಾಂತಿ ಮಾಡಿಸಿಕೊಂಡು ಬಂದರು. ಇವುಗಳಿಗಿಂತ ಕ್ರೂರವಾದ ಇನ್ನೊಂದು ಮಾತಿತ್ತು. ಕಪ್ಪು ತಂದೆಗೆ ಬಿಳಿ ಮಗು ಹೇಗೆ ಹುಟ್ಟಿತು ಎಂಬ ಪ್ರಶ್ನೆಯನ್ನು ಅವ್ವನ ಮುಖಕ್ಕೆ ಯಾರೂ ಕೇಳಲಿಲ್ಲ, ಆದರೆ ಅವಳಿಗೆ ಕೇಳಿಸುವಂತೆ ಕೇಳಿದರು. ನನ್ನ ಅಪ್ಪ ಅವ್ವನಿಗೆ ಸ್ವಂತ ಸೋದರಮಾವ. ಒಂದೇ ಮನೆತನದ ರಕ್ತ ಹಂಚಿಕೊಂಡವರಲ್ಲಿ ಒಂದೇ ಬಗೆಯ ದೋಷದ ಪ್ರತಿ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಸಂಬಂಧದೊಳಗಿನ ಮದುವೆ ಇಂದಿಗೂ ರೂಢಿಯಲ್ಲಿರುವ ನಮ್ಮ ಭಾಗದಲ್ಲಿ ನಮ್ಮಂಥವರು ಹುಟ್ಟುವುದು ಆಶ್ಚರ್ಯವಲ್ಲ. ಸಂಬಂಧವೇ ಇಲ್ಲದ ದಂಪತಿಗಳಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಕಾರಣ ಹೇಳುವಾಗ ತಂದೆಯನ್ನು ಬಿಟ್ಟು ತಾಯಿಯೊಬ್ಬಳನ್ನೇ ಕಟಕಟೆಗೆ ನಿಲ್ಲಿಸುವುದು ವಿಜ್ಞಾನಕ್ಕೂ ಒಪ್ಪದ ಮಾತು, ನ್ಯಾಯಕ್ಕೂ ಒಪ್ಪದ ಮಾತು.

ಇದು ತೊನ್ನು ಅಲ್ಲ. ತೊನ್ನಿನಲ್ಲಿ ಹುಟ್ಟಿದ ಮೇಲೆ ಯಾವಾಗಲೋ ಚರ್ಮದ ಬಣ್ಣದ ಕೋಶಗಳು ನಾಶವಾಗಿ ಮಚ್ಚೆ ಮಚ್ಚೆಯಾಗಿ ಬಿಳಿ ಮೂಡುತ್ತದೆ. ಇದು ಕುಷ್ಠವಂತೂ ಅಲ್ಲವೇ ಅಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ ಇದು ಯಾರಿಗೂ ಬರುವುದಿಲ್ಲ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮೆಲ್ಲರ ಕೂದಲು ಬೆಳ್ಳಗೇ ಇರುತ್ತದೆ ಎಂಬುದೂ ನಿಜವಲ್ಲ. ಕೆಲವರದು ಹಳದಿ, ಕೆಲವರದು ಕಂದು, ಮತ್ತು ಕಣ್ಣಿಗೆ ಮಾತ್ರ ಆಲ್ಬಿನಿಸಂ ಇರುವವರ ಚರ್ಮ ಕೂದಲುಗಳಲ್ಲಿ ಹೊರಗಿನವರಿಗೆ ಏನೂ ವ್ಯತ್ಯಾಸ ಕಾಣದೇ ಇರಬಹುದು. ಕಣ್ಣು ಕೆಂಪಗಿರುತ್ತದೆ ಎಂಬುದು ಕಥೆಗಳಿಂದ ಬಂದದ್ದು. ಹೆಚ್ಚಿನವರದು ನೀಲಿ, ಬೂದು ಅಥವಾ ತಿಳಿಗಂದು. ಒಂದು ಕೋನದ ಬೆಳಕಿನಲ್ಲಿ ಒಳಗಿನ ರಕ್ತನಾಳಗಳ ಕೆಂಪು ಹೊಳೆದು ಕಾಣುವುದುಂಟು, ಅಷ್ಟೇ. ರಾತ್ರಿಯಲ್ಲಿ ನಮಗೆ ಬೇರೆಯವರಿಗಿಂತ ಚೆನ್ನಾಗಿ ಕಾಣುತ್ತದೆ ಎಂದು ನಂಬಿದ್ದ ಒಬ್ಬ ಸಹೋದ್ಯೋಗಿಯನ್ನೂ ನಾನು ಬಲ್ಲೆ. ಶಾಲೆಯ ಪ್ರವಾಸದಲ್ಲಿ ಮೈಸೂರಿನ ಮೃಗಾಲಯದ ಬಿಳಿ ಹುಲಿಯ ಮುಂದೆ ನನ್ನನ್ನು ನಿಲ್ಲಿಸಿ ಸಹಪಾಠಿಗಳು ಹೋಲಿಸಿ ನೋಡಿದ್ದರು. ಬಿಳಿ ಹುಲಿಗೆ ಆಲ್ಬಿನಿಸಂ ಇಲ್ಲ, ಅದರ ಪಟ್ಟೆಗಳಲ್ಲಿ ಕಪ್ಪು ಬಣ್ಣ ಉಳಿದಿರುತ್ತದೆ ಎಂದು ಅಂದು ನಮ್ಮ ಜೊತೆಗಿದ್ದ ಶಿಕ್ಷಕರು ಹೇಳಿದ್ದರೆ, ನಲವತ್ತು ಮಕ್ಕಳು ಅದೇ ಹೊತ್ತಿಗೆ ಒಂದು ಪಾಠ ಕಲಿಯುತ್ತಿದ್ದರು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಮೆಲನಿನ್ ಬೇಕಾಗಿರುವುದು ಬರೀ ಬಣ್ಣಕ್ಕಲ್ಲ. ಮಗು ಗರ್ಭದಲ್ಲಿದ್ದಾಗ ಕಣ್ಣು ಸರಿಯಾಗಿ ರೂಪುಗೊಳ್ಳಲಿಕ್ಕೂ ಅದು ಬೇಕು. ಅದು ಸಾಲದಿದ್ದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದ ನಟ್ಟನಡುವೆ ಸೂಕ್ಷ್ಮವಾದದ್ದನ್ನು ನೋಡಲೆಂದೇ ಇರುವ ಚಿಕ್ಕ ಗುಳಿ, ಅದನ್ನು ಫೋವಿಯಾ ಎನ್ನುತ್ತಾರೆ, ಪೂರ್ತಿಯಾಗಿ ಬೆಳೆಯುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳೂ ತಮ್ಮ ದಾರಿ ಬದಲಿಸಿ, ಹೆಚ್ಚಿನವು ಎದುರು ಬದಿಗೇ ದಾಟಿಬಿಡುತ್ತವೆ. ಹಾಗಾಗಿ ಎರಡು ಕಣ್ಣುಗಳೂ ಕೂಡಿ ಆಳವನ್ನು ಅಳೆಯುವ ಶಕ್ತಿ ಕಡಿಮೆಯಾಗುತ್ತದೆ. ಮೆಟ್ಟಿಲು ಎಲ್ಲಿ ಮುಗಿಯಿತೆಂಬುದು ಕಾಲಿಗೆ ತಿಳಿದ ಮೇಲೆ ನಮಗೆ ತಿಳಿಯುತ್ತದೆ. ಹುಟ್ಟಿದ ಕೆಲವು ವಾರ ತಿಂಗಳುಗಳಲ್ಲಿಯೇ ಕಣ್ಣುಗುಡ್ಡೆಗಳು ತಾವಾಗಿಯೇ ಆ ಕಡೆ ಈ ಕಡೆ ಅಲುಗಾಡತೊಡಗುತ್ತವೆ. ಬೆಳಕನ್ನು ತಡೆಯಬೇಕಾದ ಕಣ್ಣಿನ ಪರದೆಯಲ್ಲಿ ಬಣ್ಣವಿಲ್ಲದ್ದರಿಂದ ಬಿಸಿಲು ಒಳಗೆ ನುಗ್ಗಿ ಎದುರಿನದೆಲ್ಲ ಬೆಳ್ಳಗೆ ಮಸುಕಾಗುತ್ತದೆ. ಕನ್ನಡಕ ಹಾಕಿದರೆ ಸರಿಹೋಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕನ್ನಡಕದಿಂದ ಸ್ವಲ್ಪ ಉಪಯೋಗವಿದೆ, ಅದನ್ನು ಹಾಕಿಸಲೇಬೇಕು, ಆದರೆ ಬೆಳೆಯದೇ ಉಳಿದ ಭಾಗವನ್ನು ಗಾಜು ಬೆಳೆಸಲಾರದು. ನನ್ನ ದೃಷ್ಟಿ ಕನ್ನಡಕದೊಂದಿಗೆ 6/60. ಎಂದರೆ, ಬೇರೆಯವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಾನು ಓದಬೇಕಾದರೆ 6 ಮೀಟರ್ ಹತ್ತಿರಕ್ಕೆ ಹೋಗಬೇಕು.

ಈ ಲೆಕ್ಕವನ್ನು ತರಗತಿಯೊಳಗೆ ಇಟ್ಟು ನೋಡಬೇಕೆಂದು ನನ್ನ ಪ್ರಾರ್ಥನೆ. ನಮ್ಮ ಊರಿನ ಶಾಲೆಯಲ್ಲಿ ಎತ್ತರದ ಮಕ್ಕಳು ಹಿಂದೆ, ಗಿಡ್ಡ ಮಕ್ಕಳು ಮುಂದೆ. ನಾನು ಗಿಡ್ಡಗಿದ್ದೆ, ಮುಂದೆ ಕೂತೆ. ತಮ್ಮ ಎತ್ತರವಾಗಿದ್ದ, ಹಿಂದೆ ಕೂತ. ನನ್ನ ಓದಿನ ಮೊದಲ ಭಾಗ್ಯ ಅದು, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಮುಂದೆ ಕೂತರೂ ಹಲಗೆಯ ಅರ್ಧ ಭಾಗ ಕಿಟಕಿಯ ಬೆಳಕಿಗೆ ಹೊಳೆದು ಏನೂ ಕಾಣುತ್ತಿರಲಿಲ್ಲ, ಆದರೆ ಬರೆಯುತ್ತಲೇ ಬಾಯಿಬಿಟ್ಟು ಓದುವ ಅಭ್ಯಾಸವಿದ್ದ ಗಣಿತದ ಮೇಷ್ಟ್ರು ಒಬ್ಬರಿದ್ದರು. ಅವರು ಅದನ್ನು ನನಗಾಗಿ ಮಾಡುತ್ತಿರಲಿಲ್ಲ. ಆದರೂ ನಾನು ಗಣಿತದಲ್ಲಿ ಪಾಸಾದದ್ದು ಅವರ ಆ ದನಿಯಿಂದ.

ತಮ್ಮನಿಗೆ ಹಲಗೆಯೇ ಇರಲಿಲ್ಲ. ಅವನು ಎದ್ದು ಹಲಗೆಯ ಹತ್ತಿರ ಹೋದರೆ ತುಂಟನೆಂದು ಕೂರಿಸುತ್ತಿದ್ದರು. ಪಕ್ಕದವನ ಪಟ್ಟಿ ನೋಡಿ ಬರೆದರೆ ಕಳ್ಳತನವೆಂದರು. ಪುಸ್ತಕವನ್ನು ಮೂಗಿಗೆ ತಾಗಿಸಿ ಓದಿದರೆ, ಹಾಗೆ ಓದಿದರೆ ಕಣ್ಣು ಹಾಳಾಗುತ್ತದೆ ಎಂದು ಕಿತ್ತುಕೊಂಡು ದೂರ ಇಟ್ಟರು. ಹತ್ತಿರ ಹಿಡಿದು ಓದುವುದರಿಂದ ನಮ್ಮ ಕಣ್ಣಿಗೆ ಯಾವ ಹಾನಿಯೂ ಇಲ್ಲ, ನಮಗೆ ಓದಲು ಇರುವ ದಾರಿಯೇ ಅದು. ಅವನು ತಲೆಯನ್ನು ಎಡಕ್ಕೆ ವಾಲಿಸಿ ನೋಡುತ್ತಿದ್ದ. ಆ ಕೋನದಲ್ಲಿ ಕಣ್ಣಿನ ಅಲುಗಾಟ ಕಡಿಮೆಯಾಗಿ ಅಕ್ಷರ ಸ್ವಲ್ಪ ನಿಲ್ಲುತ್ತದೆ, ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ದೇಹವೇ ಕಂಡುಕೊಂಡಿತ್ತು. ನೆಟ್ಟಗೆ ನೋಡು ಎಂದು ಅದಕ್ಕೂ ಪೆಟ್ಟು ತಿಂದ. ಬಿಳಿ ಜಿರಲೆ ಎಂದು ಹುಡುಗರು ಕರೆಯುತ್ತಿದ್ದುದನ್ನು ಅವನು ತಡೆದುಕೊಂಡ, ಜಗಳವಾಡಿದ, ಮರೆತ. ದಡ್ಡ ಎಂದು ದೊಡ್ಡವರು ಕರೆದದ್ದನ್ನು ಮಾತ್ರ ನಂಬಿಬಿಟ್ಟ. ಎಂಟನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಹೋಗಲಿಲ್ಲ.

ಶಾಲೆ ಬಿಟ್ಟ ಹುಡುಗನಿಗೆ ನಮ್ಮ ಸೀಮೆಯಲ್ಲಿ ಕಾದಿರುವ ಕೆಲಸ ಹೊಲದ್ದು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು ಎಂಥದ್ದೆಂಬುದನ್ನು ನಾನು ಹೇಳಬೇಕಾಗಿಲ್ಲ. ಮೆಲನಿನ್ ಇಲ್ಲದ ಚರ್ಮಕ್ಕೆ ಸೂರ್ಯನ ನೇರಳಾತೀತ ಕಿರಣಗಳಿಂದ ಯಾವ ರಕ್ಷಣೆಯೂ ಇಲ್ಲ; ಸ್ವಲ್ಪ ಹೊತ್ತಿಗೇ ಕೆಂಪಾಗಿ ಗುಳ್ಳೆ ಏಳುತ್ತದೆ, ವರ್ಷಗಟ್ಟಲೆ ಹಾಗೆಯೇ ಸುಟ್ಟರೆ ಚರ್ಮದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಅವನು ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ, ಭತ್ತದ ಗದ್ದೆಯಲ್ಲಿ ನಿಂತ. ಅವನ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಬಲಗಿವಿಯ ಅಂಚಿನಲ್ಲಿ ಒಂದು ಹುಣ್ಣು ಕಾಣಿಸಿಕೊಂಡಿತು. ಮಾಯಲಿಲ್ಲ. ಅರಿಸಿನ ಹಚ್ಚಿದರು, ಮುಲಾಮು ಹಚ್ಚಿದರು, ಏಳು ತಿಂಗಳು ಕಳೆಯಿತು. ಕೊನೆಗೆ ಬೆಂಗಳೂರಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದಾಗ ಅದು ಕ್ಯಾನ್ಸರ್ ಎಂದು ತಿಳಿಯಿತು. ಕಿವಿಯ ಮೇಲಿನ ಅರ್ಧ ಭಾಗವನ್ನು ತೆಗೆದರು. ಜೀವ ಉಳಿಯಿತು, ಮತ್ತು ಈಗ ಅವನು ಹೊಲಕ್ಕೆ ಹೋಗುವುದಿಲ್ಲ, ಊರಿನಲ್ಲೇ ಚಿಕ್ಕ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ.

ಹಲಗೆ ಕಾಣದ ಮಗುವನ್ನು ಹಿಂದೆ ಕೂರಿಸಿದ ತಪ್ಪು ಹದಿನಾರು ವರ್ಷದ ಮೇಲೆ ಕಿವಿಯ ಹುಣ್ಣಾಗಿ ಹೊರಬಂದಿತೆಂದು ನಾನು ಹೇಳಿದರೆ ಅತಿಶಯೋಕ್ತಿಯೆಂದು ತಿಳಿಯಬಾರದು. ಓದು ದಕ್ಕಿದವರಿಗೆ ಫ್ಯಾನಿನ ಕೆಳಗಿನ ಕೆಲಸ, ದಕ್ಕದವರಿಗೆ ಬಿಸಿಲಿನ ಕೂಲಿ, ಇದು ಈ ನಾಡಿನ ಎಲ್ಲ ಬಡ ಮಕ್ಕಳಿಗೂ ಅನ್ವಯಿಸುವ ಮಾತು. ನಮ್ಮ ಮೈಗೆ ಮಾತ್ರ ಆ ಬಿಸಿಲು ಪ್ರಾಣಾಂತಿಕ.

ಟಾಂಜಾನಿಯಾ, ಮಲಾವಿಯಂಥ ದೇಶಗಳಲ್ಲಿ ಮಾಟಮಂತ್ರದ ಹೆಸರಿನಲ್ಲಿ ಆಲ್ಬಿನಿಸಂ ಇರುವವರನ್ನು ಕೊಂದು, ಅಂಗಾಂಗ ಕತ್ತರಿಸಿದ ಘಟನೆಗಳು ನಡೆದಿವೆ. ಅಂಥ ಹಿಂಸೆಯ ವಿರುದ್ಧ ದನಿಯೆದ್ದದ್ದರಿಂದಲೇ ವಿಶ್ವಸಂಸ್ಥೆಯ ಮಹಾಸಭೆ 2014ರ ಡಿಸೆಂಬರ್‌ನಲ್ಲಿ, ಜೂನ್ 13 ಅನ್ನು ಆಲ್ಬಿನಿಸಂ ಜಾಗೃತಿಯ ಅಂತರರಾಷ್ಟ್ರೀಯ ದಿನವೆಂದು ಘೋಷಿಸಿತು. ನಮ್ಮಲ್ಲಿ ಹಾಗೆ ಯಾರೂ ಕೊಲ್ಲಲು ಬರುವುದಿಲ್ಲವೆಂಬ ಸಮಾಧಾನ ನನಗಿದೆ. ಇಲ್ಲಿ ನಮ್ಮನ್ನು ಯಾರೂ ಎಣಿಸುವುದೂ ಇಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಸುಮಾರು 17,000ದಿಂದ 20,000 ಜನರಿಗೆ ಒಬ್ಬರಲ್ಲಿ ಈ ಸ್ಥಿತಿ ಇದೆಯೆಂದು ಅಂದಾಜು. ಅದೇ ಪ್ರಮಾಣವನ್ನು 2011ರ ಜನಗಣತಿಯ ಪ್ರಕಾರ 6.11 ಕೋಟಿಯಿದ್ದ ನಮ್ಮ ರಾಜ್ಯಕ್ಕೆ ಹಾಕಿ ನೋಡಿದರೂ ಮೂರು ಸಾವಿರಕ್ಕೂ ಹೆಚ್ಚು ಜನರಾಗುತ್ತೇವೆ. ಆ ಜನಗಣತಿಯ ಅಂಗವೈಕಲ್ಯದ ಕಾಲಮ್ಮುಗಳಲ್ಲಿ ನಮ್ಮ ಹೆಸರು ಇರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಲ್ಬಿನಿಸಂ ಆ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ. ನಮಗೆ ಒಳಗೆ ಹೋಗಲು ಇರುವ ಬಾಗಿಲು ಮಂದದೃಷ್ಟಿಯದ್ದು. ಕನ್ನಡಕ ಹಾಕಿದ ಮೇಲೂ ಎರಡೂ ಕಣ್ಣಿನ ದೃಷ್ಟಿ 6/24ರಿಂದ 6/60ರ ನಡುವೆ ಇದ್ದರೆ ಶೇಕಡ 40 ವೈಕಲ್ಯವೆಂದು ಪ್ರಮಾಣಪತ್ರ ಸಿಗುತ್ತದೆ, ಅದರಿಂದ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡು, ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷದಂತೆ ಹೆಚ್ಚುವರಿ ಸಮಯ, ಮುಂದೆ ಮೀಸಲಾತಿ ಎಲ್ಲವೂ ಸಾಧ್ಯವಾಗುತ್ತವೆ. ಆದರೆ ಈ ಅಳತೆ ನಡೆಯುವುದು ಆಸ್ಪತ್ರೆಯ ನೆರಳು ತುಂಬಿದ ಕೋಣೆಯೊಳಗೆ, ಬೆಳಗಿದ ಫಲಕದ ಮುಂದೆ. ಅಲ್ಲಿ 6/18 ಓದಿ ಆ ಮಿತಿಯಿಂದ ಹೊರಗುಳಿದ ಮಗು ಶಾಲೆಯ ಅಂಗಳದ ಬಿಸಿಲಿನಲ್ಲಿ ತನ್ನ ಗೆಳತಿಯ ಮುಖವನ್ನೇ ಗುರುತಿಸಲಾರದು. ಕೋಷ್ಟಕದಲ್ಲಿ ಬೆಳಕಿನ ಬಾಧೆಗೆ ಅಂಕವಿಲ್ಲ, ಕಣ್ಣಿನ ಅಲುಗಾಟಕ್ಕೆ ಅಂಕವಿಲ್ಲ, ಸುಡುವ ಚರ್ಮಕ್ಕೆ ಅಂಕವಿಲ್ಲ. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ಪರೀಕ್ಷೆ ಬರೆಯಲು ಸಹಾಯಕರನ್ನು ಪಡೆಯುವ ಹಕ್ಕನ್ನು ಶೇಕಡ 40ರ ಗೆರೆಗೆ ಕಟ್ಟಿಹಾಕಬಾರದೆಂದು ತೀರ್ಪು ಕೊಟ್ಟಿತು. ಸೂಕ್ತ ಹೊಂದಾಣಿಕೆ ಎಂಬುದು ಶೇಕಡಾವಾರಿನ ಬಹುಮಾನವಲ್ಲ, ತೊಂದರೆಯಿರುವ ಎಲ್ಲರ ಹಕ್ಕು ಎಂಬುದೇ ಅದರ ತಿರುಳು. ತಾವು ಆ ತಿರುಳನ್ನು ತರಗತಿಯ ಒಳಗೆ ತರಬೇಕೆಂಬುದು ನನ್ನ ಬಿನ್ನಹ.

ಇದಕ್ಕಾಗಿ ಹೊಸ ಯೋಜನೆ ಬೇಡ, ಹೆಚ್ಚು ಹಣವೂ ಬೇಡ. ಒಂದು ಸುತ್ತೋಲೆ ಸಾಕು, ಅದು ಎರಡು ಪುಟ ಮೀರಬೇಕಾಗಿಲ್ಲ. ಈ ಸ್ಥಿತಿ ಅಂಟುವುದಿಲ್ಲವೆಂದು ಅದರಲ್ಲಿ ಮೊದಲೇ ಬರೆದು, ದಾಖಲಾತಿಗೆ ಬಂದ ಯಾವ ತಾಯಿಯಿಂದಲೂ ಅಂಥ ಚೀಟಿ ಕೇಳಬಾರದೆಂದು ಸ್ಪಷ್ಟವಾಗಿ ಹೇಳಬೇಕು. ಮಗುವಿನ ಎತ್ತರ ಎಷ್ಟೇ ಇರಲಿ, ಕಿಟಕಿಗೆ ಬೆನ್ನು ಬರುವಂತೆ ಮೊದಲ ಸಾಲಿನಲ್ಲಿ ಜಾಗ ಕೊಡಬೇಕು, ಮತ್ತು ಅದು ಎದ್ದು ಹಲಗೆಯ ಹತ್ತಿರ ಹೋದರೆ ತಡೆಯಬಾರದು. ಹಲಗೆಯ ಮೇಲೆ ಬರೆಯುವುದನ್ನು ಬಾಯಿಬಿಟ್ಟು ಓದುವುದಕ್ಕೆ ಯಾವ ಶಿಕ್ಷಕರಿಗೂ ಖರ್ಚಿಲ್ಲ. ಟೋಪಿ, ಬಣ್ಣದ ಕನ್ನಡಕ, ಉದ್ದ ತೋಳಿನ ಅಂಗಿ ಇವು ನಮಗೆ ಶೋಕಿಯಲ್ಲ. ಸಮವಸ್ತ್ರದ ನಿಯಮವೆಂದು, ಪ್ರಾರ್ಥನೆಗೆ ಅಗೌರವವೆಂದು ಅವನ್ನು ತೆಗೆಸಬಾರದು. ನನಗೆ ಹತ್ತು ವರ್ಷವಿದ್ದಾಗ ಸ್ವಾತಂತ್ರ್ಯ ದಿನದ ಕವಾಯತಿಗೆಂದು ಎರಡು ವಾರ ಬಯಲಿನಲ್ಲಿ ನಿಲ್ಲಿಸಿದ್ದರಿಂದ ಹೆಗಲ ಚರ್ಮ ಸುಲಿದು ಅಂಗಿಗೆ ಅಂಟಿಕೊಂಡಿತ್ತು. ಹಾಗಾಗಿ ಆಟದ ಅವಧಿಯನ್ನು ಈ ಮಕ್ಕಳಿಗೆ ನೆರಳಿನಲ್ಲಿ, ಅಥವಾ ಬಿಸಿಲೇರುವ ಮುನ್ನ ಇಡಬೇಕೆಂದು ಕೇಳುತ್ತಿದ್ದೇನೆ. ಆಟದಿಂದ ಹೊರಗಿಡಬೇಕೆಂದು ಕೇಳುತ್ತಿಲ್ಲ.

ದೊಡ್ಡಕ್ಷರದ ಪ್ರಶ್ನೆಪತ್ರಿಕೆಯ ಬಗ್ಗೆ ಒಂದು ಮಾತು. ಎಸ್ಸೆಸ್ಸೆಲ್ಸಿಗೆ ಬಂದಾಗ ಮಾತ್ರ ಅದರ ಯೋಚನೆ ಮಾಡಿದರೆ ಬಹಳ ತಡವಾಗಿರುತ್ತದೆ, ಒಂದನೇ ತರಗತಿಯ ಕಿರುಪರೀಕ್ಷೆಯಿಂದಲೇ ಅದು ಬೇಕು. ನಕ್ಷೆ ಗುರುತಿಸುವ ಪ್ರಶ್ನೆಯಲ್ಲಿ ನಾನು ಕಾಣದ ನದಿಗಳನ್ನು ನೆನಪಿನಿಂದ ಗುರುತಿಸಿದ್ದೇನೆ, ಇತಿಹಾಸ ಕಲಿಸುವವಳಾಗಿ ಇಂದಿಗೂ ತರಗತಿಗೆ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿಕೊಂಡೇ ಹೋಗುತ್ತೇನೆ. ತಾಲ್ಲೂಕು ಮಟ್ಟದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದು ಇರುವ ಸಂಪನ್ಮೂಲ ಶಿಕ್ಷಕರು, ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಇಷ್ಟು ಜನ ಈಗಾಗಲೇ ಇದ್ದಾರೆ. ಬಿಳಿ ಕೂದಲಿನ ಮಗುವನ್ನು ಕಂಡ ಕೂಡಲೇ ಚರ್ಮದ ವೈದ್ಯರ ಜೊತೆಗೆ ಕಣ್ಣಿನ ವೈದ್ಯರಲ್ಲಿಗೂ ಕಳುಹಿಸಬೇಕು, ಭೂತಗನ್ನಡಿ ಮತ್ತು ದೂರದ್ದನ್ನು ಹತ್ತಿರ ತೋರುವ ಚಿಕ್ಕ ದುರ್ಬೀನು ಕೊಡಿಸಬೇಕು ಎಂಬ ಒಂದು ಸೂಚನೆ ಅವರಿಗೆ ಹೋದರೆ ಸಾಕು. ಸನ್‌ಸ್ಕ್ರೀನ್ ನಮಗೆ ಔಷಧಿ. ನನ್ನ ತಾಲ್ಲೂಕಿನಲ್ಲಿ ಅದು ಸಿಗುವುದು ಫ್ಯಾನ್ಸಿ ಸ್ಟೋರಿನಲ್ಲಿ, ಮುಖ ಬೆಳ್ಳಗಾಗಿಸುವ ಕ್ರೀಮುಗಳ ಪಕ್ಕದಲ್ಲಿ, ಕೂಲಿಯವರ ಕೈಗೆಟುಕದ ಬೆಲೆಗೆ. ಇದು ಆರೋಗ್ಯ ಇಲಾಖೆಯ ವಿಷಯವೆಂದು ನಾನು ಬಲ್ಲೆ, ತಾವು ಅವರಿಗೆ ಒಂದು ಪತ್ರ ಬರೆದರೆ ಅದಕ್ಕಿರುವ ತೂಕ ನನ್ನ ಪತ್ರಕ್ಕಿಲ್ಲವೆಂಬುದನ್ನೂ ಬಲ್ಲೆ.

ಶಿಕ್ಷಕ ಬಂಧುಗಳಲ್ಲಿ ಇನ್ನೊಂದು ವಿನಂತಿ. ಎದುರಿನಿಂದ ಬಂದರೂ ನಮಸ್ಕಾರ ಮಾಡದೇ ಹೋದ ಮಗುವಿಗೆ ಸೊಕ್ಕಿದೆಯೆಂದು ತಿಳಿಯಬೇಡಿ. ಹತ್ತು ಹೆಜ್ಜೆ ದೂರದಲ್ಲಿ ನಿಮ್ಮ ಮುಖ ಅದಕ್ಕೆ ಕಂಡಿರುವುದಿಲ್ಲ. ನೀವೇ ಹೆಸರು ಹಿಡಿದು ಕರೆದು ಮಾತನಾಡಿಸಿ, ದನಿಯಿಂದ ಗುರುತು ಹಿಡಿಯುತ್ತದೆ.

ನಾನು ಹೇಳಿದ ಆ ಆರು ವರ್ಷದ ಮಗುವಿಗೆ ಕೊನೆಗೂ ದಾಖಲಾತಿ ಸಿಕ್ಕಿದೆ. ಮೊನ್ನೆ ಅವಳ ತಾಯಿಯೊಂದಿಗೆ ಆ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರ ಅನುಮತಿ ಪಡೆದು ಖಾಲಿ ತರಗತಿಯನ್ನು ನೋಡಿ ಬಂದೆ. ಅವರು ಸಜ್ಜನರು, ನಾನು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡರು, ಇದುವರೆಗೆ ನಮಗೆ ಯಾರೂ ಹೇಳಿರಲಿಲ್ಲ ಎಂದರು. ಕೋಣೆಯ ಕಿಟಕಿಗಳು ಪೂರ್ವಕ್ಕಿವೆ, ಹಲಗೆ ಪಶ್ಚಿಮದ ಗೋಡೆಯಲ್ಲಿದೆ. ಬೆಳಗಿನ ಮೊದಲ ಎರಡು ಅವಧಿಗಳಲ್ಲಿ ಬಿಸಿಲು ನೇರವಾಗಿ ಹಲಗೆಗೆ ಬೀಳುತ್ತದೆ. ಎರಡು ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹೊಲಿಸಿಕೊಡುವುದಾಗಿ ಅವಳ ತಾಯಿ ಒಪ್ಪಿದ್ದಾರೆ. ಪರದೆ ಕಟ್ಟಲು ಗೋಡೆಗೆ ಮೊಳೆ ಹೊಡೆಯುವುದಕ್ಕೆ ಮೇಲಿನವರ ಒಪ್ಪಿಗೆ ಬೇಕೆಂದು ಮುಖ್ಯ ಶಿಕ್ಷಕರು ಹೇಳಿದ್ದಾರೆ. ಶಾಲೆ ತೆರೆಯುವ ಮೊದಲು ಆ ಒಪ್ಪಿಗೆಯನ್ನು ದಯವಿಟ್ಟು ಕೊಡಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಆಲ್ಬಿನಿಸಂ ಇರುವ ಒಬ್ಬ ಉಪನ್ಯಾಸಕಿ
ರಾಯಚೂರು ಜಿಲ್ಲೆ